ದೊಡ್ಡಪ್ಪನ ಗೇಟಿನ ಮುಂದೆ ಬೀಗರ ಹಾಡು

ದೊಡ್ಡಪ್ಪನವರಿಗೆ,

'ಪೂಜ್ಯ' ಎಂದು ಬರೆದು ಹೊಡೆದುಹಾಕಿದೆ. ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ ಇದು, ತಪ್ಪಿದ್ದರೆ ಇರಲಿ. ಚಿಕ್ಕವಳಿದ್ದಾಗಲೇ ಗುಡ್ಡದ ಮೇಲಿನ ಆ ಕಾನ್ವೆಂಟಿಗೆ ಒಯ್ದು, ಕನ್ನಡ ಮಾತಾಡಿದರೆ ನೀಲ್‌ಡೌನ್ ಮಾಡಿಸುವ ವಾರ್ಡನ್ನಿಗೆ ನನ್ನನ್ನು ಒಪ್ಪಿಸಿ ಬಂದವರು ನೀವೇ. ಇಂಗ್ಲಿಷಿನಲ್ಲಾದರೆ ಸಲೀಸಾಗಿ ಬರೆಯುತ್ತಿದ್ದೆ, ಆದರೆ ನೀವು ಅದನ್ನು ಬೇರೆಯವರ ಕೈಲಿ ಓದಿಸಬೇಕಾಗುತ್ತಿತ್ತು. ಇದನ್ನು ನೀವೊಬ್ಬರೇ ಓದಬೇಕು.

ಎದುರಿಗೆ ನಿಂತು ಹೇಳಲು ನನ್ನಿಂದಾಗದು. ಕ್ಲಾಸಿನಲ್ಲಿ ಹಾಜರಿಯನ್ನೂ ಎರಡು ಸಲ ಕೂಗಿಸಿಕೊಳ್ಳುವವಳು ನಾನು. ನಿಮ್ಮ ಕಾರಿನ ಹಾರ್ನ್ ಕೇಳಿದರೆ ಅಪ್ಪ ಎದ್ದು ನಿಲ್ಲುತ್ತಾರೆ, ನಾನು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತೇನೆ. ಇವತ್ತೂ ಬಾಗಿಲು ಹಾಕಿಕೊಂಡೇ ಕುಳಿತಿದ್ದೇನೆ. ಆದರೂ ಬರೆಯುತ್ತೇನೆ.

ನಿನ್ನೆ ಸೈಟ್ ಆಫೀಸಿಗೆ ಕರೆಸಿ ಒಂದು ಕೆಲಸ ಹೇಳಿದಿರಿ. ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬಂಡಿದಾರಿಗೆ ಅಡ್ಡವಾಗಿ ನಿಮ್ಮ ಲೇಔಟಿನ ಗೇಟು ಎದ್ದ ಮೇಲೆ, ದಿನಾ ಬೆಳಿಗ್ಗೆ ಹೆಂಗಸರು ಅದರ ಮುಂದೆ ಸುತ್ತುಗಟ್ಟಿ, ಚಪ್ಪಾಳೆ ತಟ್ಟಿ ಕುಣಿದು ಹಾಡುತ್ತಾರಲ್ಲ, ಆ ಹಾಡಿನ ವಿಡಿಯೋ ನನ್ನ ಫೋನಿಗೆ ಹಾಕಿದಿರಿ. "ಒಂದೊಂದು ಸಾಲೂ ಇಂಗ್ಲೀಷಿಗೆ ಬರಿಯವ್ವ, ಕಂಪ್ಲೇಂಟ್ ಜೊತೆ ಇಡಾಕೆ. ಅಬ್ಸೀನ್, ಅಂದ್ರೆ ಅಶ್ಲೀಲ ಅಂತ ತೋರಿಸ್ಬೇಕಂತೆ, ಲಾಯರ್ ಹೇಳವ್ರೆ. ಆಮೇಲೆ ಸ್ಟೇಷನ್ನೋರು ನೋಡ್ಕಂತಾರೆ" ಎಂದಿರಿ. ನಿಮ್ಮ ಪಕ್ಕದಲ್ಲಿ ಕುಳಿತಿದ್ದವರೆಲ್ಲ ನಕ್ಕರು. ಇಷ್ಟು ವರ್ಷ ನೀವು ನನಗೆ ಸುರಿದ ಫೀಸು ಕೊನೆಗೂ ಕೆಲಸಕ್ಕೆ ಬಂತು ಎಂಬ ಹಾಗೆ.

ಬರೆಯಲು ಕುಳಿತೆ. ಮೊದಲ ಸಾಲು ಹೀಗಿತ್ತು: "ಬೀಗರ ಹೊಟ್ಟೆ ನೋಡಿರವ್ವ, ಹಗೇವು ಕಂಡಂಗೈತೆ." ಹಗೇವು ಎಂದರೇನೋ ತಿಳಿಯಲಿಲ್ಲ. ಮನೆಯಲ್ಲಿ ಕೇಳಿದೆ, ಆ ಹಾಡಿನ ಸುದ್ದಿಯೇ ಬೇಡ ಎಂದರು. ಕಡೆಗೆ ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ ಹಾಡುವವರನ್ನೇ ಕೇಳಿದೆ. ಬೈದು ಅಟ್ಟುತ್ತಾರೆ ಅಂದುಕೊಂಡಿದ್ದೆ. ಸುತ್ತಿನ ಮುಂದಾಳು ವೆಂಕಟಲಕ್ಷ್ಮಮ್ಮಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೆಲದಾಗೆ ಗುಂಡಿ ತೋಡಿ ರಾಗಿ ತುಂಬೋದು ಕಣವ್ವ. ಎಷ್ಟು ಸುರುದ್ರೂ ಇನ್ನೂ ಹಿಡಿಸ್ತದೆ. ಇಂಗ್ಲೀಷ್ನಾಗೆ ಅದಕ್ಕೇನಂತಾರೆ, ನಿಮ್ ದೊಡ್ಡಪ್ಪ ಅಂತಾರಾ?" ಅಂದರು. ಸುತ್ತು ನಿಂತು ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ, ದೊಡ್ಡಪ್ಪ.

ಅಜ್ಜಿ ಹೇಳಿದ ಮೇಲೆ ನೆನಪಾಯಿತು. ನಿಮ್ಮ ಮಗಳು ದಿವ್ಯಕ್ಕನ ಮದುವೆಗೆ ರಜೆ ಹಾಕಿ ಬಂದಿದ್ದೆನಲ್ಲ, ಅವತ್ತು ಛತ್ರದಲ್ಲಿ ಇದೇ ಹೆಂಗಸರು ಎರಡೂ ಕಡೆಯ ಬೀಗರನ್ನು ಜರೆದು ಹಾಡಿದ್ದರು. ನಿಮ್ಮ ಬೋಳುತಲೆ, ನಿಮ್ಮ ಜಿಪುಣತನ, ಊಟದೆಲೆಯ ಮುಂದೆ ನಿಮ್ಮ ಆತುರ, ಯಾವುದನ್ನೂ ಬಿಟ್ಟಿರಲಿಲ್ಲ. ಯಾಕೆ ಸುಮ್ಮನಿದ್ದೀರಿ ಎಂದು ನಾನು ಕೇಳಿದ್ದಕ್ಕೆ ನೀವೇ ಹೇಳಿದ ಮಾತು: "ಬೀಗರ ಹಾಡಿಗೆ ಸಿಟ್ಟು ಮಾಡ್ಕಂಡ್ರೆ ಹಾಡಿದ್ದೆಲ್ಲ ನಿಜ ಅಂತ ಒಪ್ಕಂಡಂಗೆ ಕಣವ್ವ. ನಕ್ಕು ಎಲೆ ಅಡಿಕೆ ಕೊಡ್ಬೇಕು. ಅವರು ತಗೊಂಡ್ರೆ ಹಾಡು ಮುಗೀತು."

ಈಗ ಸಿಟ್ಟು ಮಾಡಿಕೊಂಡಿದ್ದೀರಿ. ಎಲೆ ಅಡಿಕೆ ಕೊಡಬೇಕಾದ ಕಡೆ ಕಂಪ್ಲೇಂಟ್ ಕೊಡಲು ಹೊರಟಿದ್ದೀರಿ. ಅಂದರೆ ಊರ ದಾರಿ ನುಂಗಿದ್ದು ನಿಜ ಎಂದು ನೀವೇ ಒಪ್ಪಿಕೊಂಡಂತಾಯಿತು. ನಿಮ್ಮ ಆಫೀಸಿನಲ್ಲಿ ನಕ್ಕವರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲವೇ? ಹೇಗೆ ಹೇಳುತ್ತಾರೆ, ನಿಮ್ಮ ಕಾಫಿ ಕುಡಿಯುವವರು.

ನವೆಂಬರಿನಲ್ಲಿ ಸರ್ಕಲ್ಲಿನ ತುಂಬ ನಿಮ್ಮ ಫ್ಲೆಕ್ಸು: ಜಾನಪದ ಉಳಿಸಿ, ನಾಡು ಬೆಳೆಸಿ. ಸ್ಟೇಜಿಗೆ ಬಾಡಿಗೆ ಕಲಾವಿದರನ್ನು ಕರೆಸಿ, ಅವರ ನಡುವೆ ಪೇಟ ಸುತ್ತಿಕೊಂಡು ನಿಂತು ಫೋಟೋ ತೆಗೆಸಿಕೊಂಡಿರಿ. ಆ ಜಾನಪದ ನಿಮ್ಮ ಗೇಟಿಗೇ ನಡೆದು ಬಂದಾಗ ಲಾಯರನ್ನು ಕರೆಸಿದಿರಿ. ಮೊನ್ನೆ ಟೆಂಪೋದಲ್ಲಿ ಡಿಜೆ ತರಿಸಿ, ಅವರ ದನಿ ಮುಳುಗಿಸಲು ನೋಡಿದಿರಿ. ಮುದುಕಿಯರು ಆ ಬೀಟಿಗೇ ಹೆಜ್ಜೆ ಹಾಕಿದರು. ನಿಮ್ಮ ಡಿಜೆ ಹುಡುಗನೇ ವಿಡಿಯೋ ಮಾಡಿ ಹಂಚಿದ. ನೀವು ಎಷ್ಟು ದುಡ್ಡಿನವರಾದರೇನು ದೊಡ್ಡಪ್ಪ, ಎಷ್ಟು ಸಣ್ಣಗೆ ಕಂಡಿರಿ ಅವತ್ತು.

ಆ ಸುತ್ತಿನಲ್ಲಿ ಕೊಪ್ಪಳದ ಕಡೆಯ ನಿಂಗವ್ವ ಇದ್ದಾರೆ, ಶೆಡ್ಡಿನಲ್ಲಿದ್ದುಕೊಂಡು ಮನೆಗೆಲಸಕ್ಕೆ ಹೋಗುವವರು. ಬೀಗರ ಹಾಡಿನ ಇಲ್ಲಿನ ಧಾಟಿ ಅವರಿಗೆ ಬರುವುದಿಲ್ಲ, ಮತ್ತೆ ಮತ್ತೆ ಬರುವ ಸೊಲ್ಲು ಮಾತ್ರ ಎತ್ತಿಕೊಳ್ಳುತ್ತಾರೆ. ಬಂಡಿದಾರಿ ಮುಚ್ಚಿದ ಮೇಲೆ ಅವರ ಮಗಳು ಸ್ಕೂಲಿಗೆ ಹೈವೇ ಅಂಚಿನಲ್ಲಿ ನಡೆಯಬೇಕು, ಟಿಪ್ಪರ್‌ಗಳ ಪಕ್ಕದಲ್ಲಿ. ಹೋದ ವಾರ ಒಂದು ಟಿಪ್ಪರ್ ಆ ಮಗುವಿನ ಬ್ಯಾಗು ಎಳೆದುಕೊಂಡು ಹೋಯಿತು. ಬ್ಯಾಗು ಮಾತ್ರ. ಅದನ್ನು ಹೇಳಿ ನಿಂಗವ್ವ ಅಂದರು: "ಕಲ್ಲ ಒಗದ್ರ ನಾವು ತಪ್ಪಸ್ಥರು. ಅಳೂದು ಅವರಿಗೆ ಕೇಳ್ಸಂಗಿಲ್ಲ. ಅದಕ್ಕ ಹಾಡ್ತೀವಿ ಬೇ."

ಇಂಥ ಮಾತಿಗೆ ಇಂಗ್ಲಿಷಿನಲ್ಲಿ ಅಬ್ಸೀನ್ ಎನ್ನಬೇಕೇ? ಆ ಶಬ್ದದ ಅರ್ಥ ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಅದು ಗೇಟಿನ ಯಾವ ಕಡೆಗಿದೆ ಎಂಬುದೂ ಗೊತ್ತು.

ನಿಮ್ಮ ಕಂಪ್ಲೇಂಟಿಗೆ ಆ ಹಾಡನ್ನು ನಾನು ಇಂಗ್ಲಿಷಿಗೆ ಬರೆದಿಲ್ಲ, ಬರೆಯುವುದೂ ಇಲ್ಲ. ಫೀಸು ನಿಲ್ಲಿಸುತ್ತೀರಿ, ಅಪ್ಪನನ್ನು ನಿಲ್ಲಿಸಿಕೊಂಡು ಬೈಯುತ್ತೀರಿ, ನೆಂಟರ ಮುಂದೆ ನನ್ನನ್ನು ತಲೆಹರಟೆ ಅನ್ನುತ್ತೀರಿ. ಅದನ್ನೆಲ್ಲ ನೆನೆದು ಇವತ್ತು ರಾತ್ರಿ ನಿದ್ದೆ ಬರಲಾರದು. ಭಯವಾಗುವುದು ನಿಂತಿಲ್ಲ. ಆದರೆ ಒಂದು ವಿಚಿತ್ರ ನೋಡಿ, ನಿಮ್ಮ ಬಗ್ಗೆ ಇದ್ದ ಗೌರವ ಹೋದ ಜಾಗದಲ್ಲಿ ಭಯಕ್ಕೂ ಅಷ್ಟೇನೂ ಕಾಲೂರಲು ಆಗುತ್ತಿಲ್ಲ.

ಒಂದು ಸಾಲು ಕಟ್ಟಿದ್ದೇನೆ. ಅಜ್ಜಿ ಕೇಳಿ, ತಾಳಕ್ಕೆ ಕೂರುವಂತೆ ತಿದ್ದಿಕೊಟ್ಟರು: "ಊರ ದಾರಿ ನುಂಗ್ದ ಬೀಗರು, ಮೇಲೆ ನೀರೂ ಕುಡೀಲಿಲ್ಲ." ಮೊದಲು ನಾನೇ ಎತ್ತಿಕೊಡಬೇಕಂತೆ. ದನಿ ಒಡೆದರೆ ಏನು ಮಾಡಲಿ ಎಂದು ಕೇಳಿದೆ. "ಒಡೀಲಿ ಬುಡು, ನಾವೆಲ್ಲ ಇದೀವಲ್ಲ" ಅಂದರು.

ನಾಳೆ ಬೆಳಿಗ್ಗೆ ಗೇಟಿನ ಆಚೆ ಕಡೆ, ಆ ಸುತ್ತಿನಲ್ಲಿ ಇರುತ್ತೇನೆ. ಹೆಂಗಸರನ್ನು ತಳ್ಳಿಸಬೇಕೆಂದಿದ್ದರೆ ವಾಚ್‌ಮನ್‌ಗೆ ಮೊದಲೇ ಹೇಳಿಡಿ: ಮನೆ ಮಗಳು ಅಂತ ನನ್ನನ್ನು ಬಿಟ್ಟು ತಳ್ಳುವುದು ಬೇಡ.

ದೇವರು ನಿಮಗೆ ಆಯಸ್ಸು ಕೊಟ್ಟಷ್ಟೇ ನಾಚಿಕೆಯನ್ನೂ ಕೊಡಲಿ.

ನಿಮ್ಮ ತಮ್ಮನ ಮಗಳು,
ರಮ್ಯ