ಮೇಲಿನವಳ ನೆಲ

ಮಂಗಳವಾರ, ರಾತ್ರಿ.

ಮಹಡಿ ಕೋಣೆಯ ನೆಲದ ಹಲಗೆ ಕಿತ್ತು, ಅಡಿಯಲ್ಲಿ ಸದ್ದು ತಡೆಯುವ ದಪ್ಪ ರಬ್ಬರು ಹಾಸಿ, ಬಡಗಿ ಇವತ್ತು ಕೆಲಸ ಮುಗಿಸಿದ. ಜಗಳವಾಡಿ ಹಾಕಿಸಿದ್ದು ನಾನೇ. ಮೇಲೆ ಓರಗಿತ್ತಿ ಕುರ್ಚಿ ಎಳೆದರೆ ನನ್ನ ನೆತ್ತಿಯ ಮೇಲೇ ಎಳೆದಂತಾಗುತ್ತಿತ್ತು. ಆಗೆಲ್ಲ ನಾನು ಪೊರಕೆ ಕೋಲಿನಿಂದ ಛಾವಣಿ ಕುಟ್ಟಿ, ಅವಳ ತವರನ್ನೂ ಸೇರಿಸಿ ಬೈಯುತ್ತಿದ್ದೆ.

ಸಂಜೆ ಒಂದು ಸದ್ದೂ ಇಲ್ಲ. ಅದಕ್ಕೂ ಮೈ ಉರಿಯಿತು. ಏನು ಮಸಲತ್ತು ಮಾಡುತ್ತಿದ್ದಾಳೋ ಎಂದು ಕುಟ್ಟಿದೆ, ಗಂಟಲು ಹರಿಯುವಂತೆ ಬೈದೆ. ಸ್ವಲ್ಪ ಹೊತ್ತಿಗೆ ಅವಳೇ ಆಕಳಿಸುತ್ತಾ ಇಳಿದು ಬಂದಳು.

"ಒಳ್ಳೇ ಕೆಲ್ಸ ಮಾಡಿಸಿದ್ರಿ ಅಕ್ಕಾ. ಮದುವೆಯಾಗಿ ಬಂದ್ಮೇಲೆ ಇವತ್ತೇ ನೋಡಿ, ನೆಮ್ಮದಿಯಾಗಿ ಕಣ್ಣು ಹತ್ತಿದ್ದು."

ಹಾಳಾದವಳು! ಇನ್ನು ಅವಳನ್ನು ಬೈಯಬೇಕೆಂದರೆ ಈ ಮಂಡಿನೋವಿನಲ್ಲಿ ನಾನೇ ಮೆಟ್ಟಿಲು ಹತ್ತಿ, ಅವಳ ಬಾಗಿಲು ತಟ್ಟಬೇಕು.