ಬ್ರೇಕ್ ಹಿಡಿದು ಹತ್ತಿದ ಬೆಟ್ಟ

ಫೆಬ್ರವರಿ ೨೬, ಗುರುವಾರ

ಏಣಿಗೆ,

ನಾನು ಕ್ಷೇಮ. ನೀನು, ನಿನ್ನ ಹೆಂಡತಿ, ಮಗಳು ಎಲ್ಲರೂ ಕ್ಷೇಮವೆಂದು ನಿನ್ನ ಪತ್ರದಿಂದ ತಿಳಿಯಿತು. ಒಂದಲ್ಲ, ಎರಡು ಪತ್ರ. ಉತ್ತರ ತಡವಾಯಿತು, ಕ್ಷಮಿಸು. ಕೆಲಸ ಜಾಸ್ತಿ ಇತ್ತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳಿನ ಖಾತೆಯನ್ನು ಸದ್ಯಕ್ಕೆ ನೀನೇ ನೋಡಿಕೊಳ್ಳುತ್ತಿದ್ದೀಯ. ಎರಡು ವಾರದಿಂದ ಬರೆಯಲು ಕೂತಾಗಲೆಲ್ಲ ಬೈಗುಳ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಇವತ್ತು ಬೈಗುಳದ ನಡುನಡುವೆ ಸ್ವಲ್ಪ ವಿಷಯವೂ ಬರುತ್ತಿದೆ, ಅದಕ್ಕೇ ಕೂತಿದ್ದೇನೆ.

ಬಸ್ ನಿಲ್ದಾಣದ ನನ್ನ ಕೋಣೆಯಲ್ಲೇ ಕೂತು ಟೈಪ್ ಮಾಡುತ್ತಿದ್ದೇನೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಬಸ್ಸು ಕಡಿಮೆ, ಅನೌನ್ಸ್ ಮಾಡುವುದೂ ಕಡಿಮೆ. ನಾನು ಒತ್ತಿದ ಅಕ್ಷರವನ್ನೆಲ್ಲ ಈ ಕಂಪ್ಯೂಟರ್ ಕಿವಿಯಲ್ಲಿ ಓದಿ ಹೇಳುತ್ತದೆ. ಪಾಪ, ಅದಕ್ಕೆ ಸಿಟ್ಟು ಸೆಡವು ಇಲ್ಲ. ‘ದ್ರೋಹಿ’ ಎಂದು ಒತ್ತಿದರೂ ‘ಪ್ಲಾಟ್‌ಫಾರ್ಮ್ ಮೂರು’ ಅನ್ನುವ ದನಿಯಲ್ಲೇ ಓದಿತು. ಸುಖವಾಗಲಿಲ್ಲ, ಅಳಿಸಿದೆ. ನಿನ್ನ ಹೆಸರಿಗೆ ಮೊದಲು ‘ಪ್ರೀತಿಯ’ ಎಂದು ಹಾಕಿದ್ದೆ, ಅದನ್ನೂ ಅಳಿಸಿದೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಮಂಡಿ ನೋವು ಹೋಗಿದೆ. ಚಳಿಗೆ ಮರಗಟ್ಟಿದ್ದ ಬೆರಳ ತುದಿಗಳು ಸರಿಹೋಗಿ ಬ್ರೈಲ್ ಚುಕ್ಕಿ ಲಿಪಿ ಓದುತ್ತಿವೆ. ನಮ್ಮ ಸೈಕಲ್ ಸವಾರಿಯಲ್ಲಿ ಕೂಡಿದ ಹಣದಿಂದ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೀಟರ್ ಬಂದಿದೆಯಂತೆ. ಅಲ್ಲಿನ ನರ್ಸಮ್ಮ ಫೋನ್ ಮಾಡಿ, ‘ಮಕ್ಕಳು ಸ್ವೆಟರ್ ಬಿಚ್ಚಿ ಮಲಗ್ತಾ ಇದಾವೆ’ ಅಂದರು. ಅದೊಂದು ಸಂತೋಷವನ್ನು ಕೆಡಿಸಲು ನಿನ್ನಿಂದಲೂ ಆಗಿಲ್ಲ. ಇನ್ನು ಮುಂದಿನ ಚಳಿಗಾಲದ ಸವಾರಿಗೂ ನಮ್ಮಿಬ್ಬರ ಹೆಸರು ಕೊಡಲೇ ಎಂದು ಕೇಳಿದ್ದೀಯ, ತಿಂಗಳ ಕೊನೆಯೊಳಗೆ ತಿಳಿಸಬೇಕಂತೆ. ಅದಕ್ಕೆ ಉತ್ತರ ಆಮೇಲೆ. ಮುಂಚೆ ನೀನು ಇದನ್ನು ಕೂತು ಪೂರ್ತಿ ಓದು.

ಸವಾರಿಯ ಮೊದಲ ಎರಡು ದಿನದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಹೇಳದಿದ್ದರೆ ನಾನೂ ನಿನ್ನ ಜಾತಿಗೆ ಸೇರುತ್ತೇನೆ. ಅರವತ್ತು ಸವಾರರಲ್ಲಿ ಜೋಡಿ ಸೈಕಲ್ ನಮ್ಮದೊಂದೇ. ಮುಂದೆ ನೀನು: ಹ್ಯಾಂಡಲ್, ಗೇರ್, ಬ್ರೇಕ್, ಕಣ್ಣು ಎಲ್ಲ ನಿನ್ನವು. ಹಿಂದೆ ನಾನು: ನನ್ನವು ಎರಡು ಕಾಲು ಮಾತ್ರ. ಎರಡೂ ಜೊತೆ ಪೆಡಲ್‌ಗಳನ್ನು ಒಂದೇ ಚೈನ್ ಹಿಡಿದಿರುವುದರಿಂದ ನೀನು ತುಳಿದರೆ ನಾನು ತುಳಿಯಬೇಕು, ನೀನು ನಿಲ್ಲಿಸಿದರೆ ನನ್ನ ಕಾಲೂ ನಿಲ್ಲಬೇಕು. ನೀನು ‘ಗುಂಡಿ’ ಅಂದಾಗ ಸೀಟಿನಿಂದ ಎದ್ದೆ, ‘ಎಡ’ ಅಂದಾಗ ಎಡಕ್ಕೆ ವಾಲಿದೆ. ನೂರೈವತ್ತು ಕಿಲೋಮೀಟರಿನಲ್ಲಿ ನಿನ್ನ ಮಾತು ಒಂದು ಸಲವೂ ತಪ್ಪಲಿಲ್ಲ. ಎರಡನೇ ದಿನ ಎದುರುಗಾಳಿ ಕೊರೆಯುತ್ತಿದ್ದಾಗ ನಿನ್ನ ಬೆನ್ನಿನ ಮರೆಯಲ್ಲಿ ಬಗ್ಗಿಕೊಂಡು, ಈ ಭೂಗೋಳದ ಮೇಷ್ಟ್ರನ್ನು ದೇವರು ಏಣಿಯಷ್ಟು ಉದ್ದ ಮಾಡಿದ್ದು ನನಗೋಸ್ಕರವೇ ಇರಬೇಕು ಅಂದುಕೊಂಡು ಒಬ್ಬನೇ ನಕ್ಕಿದ್ದೆ.

ಮೂರನೇ ದಿನ ಬೆಟ್ಟ. ಆ ಬೆಟ್ಟ ನನಗೆ ಏನೆಂದು ಬೇರೆಯವರಿಗೆ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತು. ಹನ್ನೊಂದನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗುವ ಮುಂಚೆ ನಾನು ನೋಡಿದ ಅತಿ ದೊಡ್ಡ ವಸ್ತು ಅದು. ತರಗತಿಯ ಕಿಟಕಿಯಿಂದ ಅದನ್ನೇ ನೋಡುತ್ತ ಗಣಿತದ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು ನಾನು. ಪಕ್ಕದಲ್ಲಿ ಕೂತು ಕಿಸಕ್ಕೆಂದವನು ನೀನು. ಅದನ್ನು ನನ್ನ ಸ್ವಂತ ಕಾಲಿನಲ್ಲಿ ಹತ್ತಿ, ಆ ಕಡೆ ಇಳಿದು, ನಮ್ಮ ಹಳೇ ಶಾಲೆಯ ಮೈದಾನ ಸೇರಬೇಕು ಎಂಬ ಒಂದೇ ಆಸೆಗೆ ನಾನು ಈ ಸವಾರಿಗೆ ಒಪ್ಪಿದ್ದು. ಆರು ತಿಂಗಳು ಮನೆಯ ಹಜಾರದಲ್ಲಿ ನಿಂತ ಸೈಕಲ್ಲನ್ನು ಬೆವರು ಸುರಿಸಿ ತುಳಿದದ್ದು ಅದಕ್ಕೆ.

ಅವತ್ತು ಬೆಳಿಗ್ಗೆ ಸಂಘಟಕರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಏನೋ ಹೇಳಿದರು. ನಾನು ಒಳಗೆ ಎರಡನೇ ಜೊತೆ ಕಾಲುಚೀಲದೊಂದಿಗೆ ಗುದ್ದಾಡುತ್ತಿದ್ದೆ. ಏನಂತೆ ಎಂದು ಕೇಳಿದ್ದಕ್ಕೆ ನೀನು, ‘ಏನಿಲ್ಲ, ಹುಷಾರಾಗಿ ಹೋಗಿ ಅಂದ್ರು’ ಎಂದು ಹೇಳಿದೆ. ಒಂಬತ್ತರ ಸುಮಾರಿಗೆ, ‘ಶುರುವಾಯ್ತು ಕಣೋ ಮೈಕು, ಬಗ್ಗಿ ತುಳಿ’ ಎಂದೆ. ಪೆಡಲ್ ಕಲ್ಲಿನಂತಾಯಿತು. ಏನೋ ಉಜ್ಜುವ ಸದ್ದು ಬರುತ್ತಿದೆಯಲ್ಲ ಎಂದು ಕೇಳಿದರೆ, ಮಡ್‌ಗಾರ್ಡಿಗೆ ಮಣ್ಣು ಸಿಕ್ಕಿದೆ ಎಂದು ನಿನ್ನ ಉತ್ತರ. ಸುಟ್ಟ ರಬ್ಬರ್ ವಾಸನೆ ಎಂದರೆ, ಈಗ ತಾನೇ ಲಾರಿ ಹೋಯಿತಲ್ಲ ಎಂದು ಉತ್ತರ. ಲಾರಿಯ ಸದ್ದು ನನಗೆ ಕೇಳಿಸಿರಲಿಲ್ಲ. ಟೋಪಿ, ಅದರ ಮೇಲೆ ಮಫ್ಲರ್, ಕೇಳಿಸದೆ ಇದ್ದಿರಬಹುದು ಎಂದು ನನ್ನ ಕಿವಿಯನ್ನೇ ಅನುಮಾನಿಸಿದೆನೇ ಹೊರತು ನಿನ್ನ ಬಾಯನ್ನಲ್ಲ. ತಿರುವಿಗೊಮ್ಮೆ ‘ಬಲಕ್ಕೆ’, ‘ಎಡಕ್ಕೆ’ ಎಂದು ನೀನು ಕೂಗುತ್ತಿದ್ದೆ, ನಾನು ವಾಲುತ್ತಿದ್ದೆ. ಒಂಬತ್ತು ತಿರುವು ಎಣಿಸಿದ್ದೇನೆ, ಮಾರಾಯ. ನೇರ ರಸ್ತೆಯಲ್ಲಿ ಹಾವಿನಂತೆ ಸೈಕಲ್ ಓಡಿಸಿದೆಯಾ?

ಒಂದೂವರೆ ಗಂಟೆ ಆದಮೇಲೆ ನಿಲ್ಲಿಸಿದೆ. ‘ಬಂದ್ವಿ ಕಣೋ, ಇದೇ ತುದಿ’ ಎಂದು ನನ್ನ ಕೈ ಹಿಡಿದು ಒಂದು ಕಲ್ಲಿನ ಮೇಲೆ ಇಟ್ಟೆ. ಗವಸು ತೆಗೆದು ಮುಟ್ಟಿದೆ. ಆ ಕಲ್ಲನ್ನು ತಬ್ಬಿಕೊಂಡು ನಾನು ಅತ್ತುಬಿಟ್ಟೆ, ಐವತ್ತು ದಾಟಿದ ಗಂಡಸು, ದಾರಿಬದಿಯಲ್ಲಿ. ನಿನ್ನ ಮೂಗು ಸೊರಸೊರ ಅನ್ನುವುದೂ ಕೇಳಿಸಿತು. ಅದು ಯಾವ ಕಲ್ಲು? ಯಾರ ಹೊಲದ ಗಡಿಕಲ್ಲು?

ಇಳಿಯುವುದು ಬೇಗ ಮುಗಿಯಿತು. ಆ ಕಡೆ ಇಳಿಜಾರು ಕಡಿಮೆ ಎಂದು ವಿವರಿಸಿದೆ. ಭೂಗೋಳದ ಮೇಷ್ಟ್ರಿಗೆ ಇಲ್ಲದ ಬೆಟ್ಟ ಎಬ್ಬಿಸುವುದೂ ಸುಲಭ, ಇಳಿಸುವುದೂ ಸುಲಭ. ಶಾಲೆಯ ಮೈದಾನದಲ್ಲಿ ಚಪ್ಪಾಳೆ. ‘ಬೆಟ್ಟ ಹತ್ತಿ ಬಂದ ನಮ್ಮ ಜೋಡಿ ಸೈಕಲ್’ ಎಂದು ಘೋಷಿಸುವಾಗ ಮೈಕ್ ಹಿಡಿದವನ ದನಿ ಒಂದು ಕ್ಷಣ ತಡವರಿಸಿತು. ಚಳಿಗಿರಬೇಕು ಅಂದುಕೊಂಡೆ. ಇಪ್ಪತ್ತೆರಡು ವರ್ಷದಿಂದ ಮೈಕಿನ ಮುಂದೆ ಕೂತವನು ನಾನು, ನನಗೆ ಅಲ್ಲೇ ಹೊಳೆಯಬೇಕಿತ್ತು. ನನ್ನನ್ನು ಎದುರುಗೊಳ್ಳಲು ಬಸ್ಸಿನಲ್ಲಿ ಬಂದಿದ್ದ ನನ್ನ ಹೆಂಡತಿ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಅಲ್ಲಿಂದ ಐದು ವಾರ ನಾನು ಆ ಬೆಟ್ಟದ ಕಥೆ ಹೇಳಿದೆ. ಕ್ಯಾಂಟೀನಿನಲ್ಲಿ, ಕ್ಷೌರದಂಗಡಿಯಲ್ಲಿ, ಮನೆಗೆ ಬಂದ ನೆಂಟರ ಮುಂದೆ, ಫೋನಿನಲ್ಲಿ. ಉಪ್ಪು ಖಾರ ಹಚ್ಚಿಯೂ ಹೇಳಿದೆ, ಸುಳ್ಳಾಡುವುದಿಲ್ಲ. ಏಳನೇ ತಿರುವಿನಲ್ಲಿ ಗಾಳಿ ತೆಳುವಾಯಿತು ಎಂದೆಲ್ಲ. ಎರಡು ವಾರದ ಹಿಂದೆ ಕ್ಯಾಂಟೀನಿನಲ್ಲಿ ಅದನ್ನೇ ಹೇಳುತ್ತಿದ್ದಾಗ ಹೊಸದಾಗಿ ವರ್ಗವಾಗಿ ಬಂದ ಡ್ರೈವರ್ ಒಬ್ಬ ಬಾಯಿ ಹಾಕಿದ.

‘ಯಾವತ್ತು ಸಾರ್ ನೀವು ಹತ್ತಿದ್ದು?’

ತಾರೀಕು ಹೇಳಿದೆ.

‘ಅವತ್ತಾ? ಅವತ್ತು ಮೇಲೆಲ್ಲಾ ಮಂಜುಗಡ್ಡೆ ಕಟ್ಟಿ ಬೆಟ್ಟದ ರಸ್ತೇನೇ ಮುಚ್ಚಿದ್ರಲ್ಲ. ನಾನೇ ಬಸ್ಸನ್ನ ನದಿ ಪಕ್ಕದ ರಸ್ತೆಲಿ ಸುತ್ತು ಹಾಕ್ಕೊಂಡು ತಂದೆ. ಸೈಕಲ್ಲಿನವರೆಲ್ಲಾ ಅಲ್ಲೇ ಸಿಕ್ಕಿದ್ರಪ್ಪಾ.’

ಲೋಟದೊಳಗೆ ತಿರುಗುತ್ತಿದ್ದ ಚಮಚಗಳೆಲ್ಲ ನಿಂತವು. ಯಾರೂ ಅವನನ್ನು ತಿದ್ದಲಿಲ್ಲ. ನನ್ನ ಸಹಾಯಕ ಕೆಮ್ಮಿದ. ಅವನನ್ನು ಕೋಣೆಗೆ ಎಳೆದುಕೊಂಡು ಬಂದು ಬಾಗಿಲು ಹಾಕಿದೆ. ಆಗ ಬಾಯಿ ಬಿಟ್ಟ: ‘ಸಾರ್, ಅವತ್ತು ರಸ್ತೆ ಮುಚ್ಚಿದೆ ಅಂತ ನಾನೇ ಮೂರು ಸಲ ಅನೌನ್ಸ್ ಮಾಡಿದೀನಿ. ಸಂಜೆ ನಿಮ್ಮ ಸ್ನೇಹಿತರು ಫೋನ್ ಮಾಡಿ, ಅವನು ತುಂಬ ಖುಷಿಯಾಗಿದಾನೆ, ದಯವಿಟ್ಟು ಯಾರೂ ಏನೂ ಹೇಳ್ಬೇಡಿ ಅಂದ್ರು. ಎಲ್ಲರಿಗೂ ಹೇಳಿಬಿಡಪ್ಪಾ ಅಂದ್ರು. ಹೇಳಿದೆ.’

ನನ್ನ ಕುರ್ಚಿಯಲ್ಲಿ ಕೂತು, ನನ್ನ ಮೈಕಿನಲ್ಲಿ, ರಸ್ತೆ ಮುಚ್ಚಿದೆ ಎಂದು ಊರಿಗೆಲ್ಲ ಹೇಳಿದ್ದಾನೆ. ಅದೇ ಕೋಣೆಯ ಪಕ್ಕದಲ್ಲಿ ಐದು ವಾರ ನಾನು ಬೆಟ್ಟ ಹತ್ತಿದ್ದನ್ನು ‘ಹೌದಾ ಸಾರ್, ಹೌದಾ ಸಾರ್’ ಎಂದು ಎಲ್ಲರೂ ಕೇಳಿಸಿಕೊಂಡಿದ್ದಾರೆ. ಒಬ್ಬೊಬ್ಬರೂ ನನ್ನ ಕಿವಿಗೆ ಹೂವಿಟ್ಟವರೇ. ಆ ತೋಟದ ಮಾಲಿ ನೀನು.

ಆದರೂ ನನಗೆ ಒಂದು ಅರ್ಥವಾಗಲಿಲ್ಲ. ನದಿ ಪಕ್ಕದ ರಸ್ತೆಯಲ್ಲಿ ಅಲ್ಪಸ್ವಲ್ಪ ಏರು ಇರಬಹುದು, ಆದರೆ ನನ್ನ ತೊಡೆ ಹರಿದುಹೋಗುವಷ್ಟು ಭಾರ ಎಲ್ಲಿಂದ ಬಂತು? ಮನೆಯ ಮೆಟ್ಟಿಲ ಕೆಳಗಿದ್ದ ಜೋಡಿ ಸೈಕಲ್ಲನ್ನು ಮರುದಿನ ಸಹಾಯಕನ ಕೈಯಲ್ಲಿ ತಳ್ಳಿಸಿಕೊಂಡು ರಿಪೇರಿ ಅಂಗಡಿಗೆ ಹೋದೆ. ರಿಪೇರಿಯವನು ಚಕ್ರ ತಿರುಗಿಸಿ ನೋಡಿ, ‘ಬ್ರೇಕ್ ರಬ್ಬರ್ ಪೂರ್ತಿ ಸವೆದು ಕಬ್ಬಿಣ ಬಂದಿದೆ. ಚೈನೂ ಎಳೆದುಹೋಗಿದೆ. ತುಳೀತಾ ತುಳೀತಾ ಬ್ರೇಕ್ ಹಿಡಿದಿದಾರೆ ಸಾರ್, ಯಾರು ಅಂಥಾ ಬುದ್ಧಿವಂತರು?’ ಎಂದ. ನನ್ನ ಬೆರಳು ಹಿಡಿದು ಆ ಕಬ್ಬಿಣದ ಅಂಚನ್ನು ಮುಟ್ಟಿಸಿದ. ಏಣಿ, ನೀನು ಮುಟ್ಟಿಸಿದ ಕಲ್ಲಿಗಿಂತ ಅದು ಹೆಚ್ಚು ತಣ್ಣಗಿತ್ತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ನನಗೆ ಹತ್ತಿರದ್ದೂ ನುಣ್ಣಗೇ ಆಯಿತು. ಒಂದೂವರೆ ಗಂಟೆ ನಾನು ತುಳಿದದ್ದು ಬೆಟ್ಟದ ವಿರುದ್ಧವಲ್ಲ, ನಿನ್ನ ಎರಡು ಬೆರಳಿನ ವಿರುದ್ಧ.

ನೀನು ಯಾಕೆ ಹೀಗೆ ಮಾಡಿದೆ ಎಂದು ನನಗೆ ಗೊತ್ತು, ವಿವರಿಸಿ ಬರೆಯಬೇಡ. ನನ್ನ ಆಸೆ ಮುರಿಯಬಾರದು ಅನ್ನಿಸಿತು. ನಿನ್ನ ಬೆರಳಿಗೂ ನೋವಾಗಿರಬೇಕು ಆ ಚಳಿಯಲ್ಲಿ. ಅದೆಲ್ಲ ಪ್ರೀತಿಯೇ. ಅದಕ್ಕೇ ನನಗೆ ಮೈ ಉರಿಯುವುದು. ವೈರಿಯಾಗಿದ್ದರೆ ನಾಲ್ಕು ಬೈದು ಎದ್ದು ಹೋಗಬಹುದಿತ್ತು. ಅವತ್ತು ಬೆಳಿಗ್ಗೆ ಬೆಟ್ಟ ಮುಚ್ಚಿದೆ ಎಂದಾಗ ಐವತ್ತೊಂಬತ್ತು ಜನರಿಗೆ ಬೇಜಾರಾಯಿತು ತಾನೇ? ಹಾಳಾದ ಮಂಜು ಎಂದು ಬೈದುಕೊಂಡು ಚಹಾ ಕುಡಿದು ಹೊರಟರು ತಾನೇ? ಅರವತ್ತನೆಯವನಾಗಿ ನಾನೂ ಬೈದುಕೊಂಡು ಹೊರಡುತ್ತಿದ್ದೆ. ನಿನ್ನ ಬೆನ್ನಿಗೆ ಎರಡು ಗುದ್ದುತ್ತಿದ್ದೆ, ಅಷ್ಟೆ. ಎಲ್ಲರಿಗೂ ಸಿಕ್ಕಿದ ನಿರಾಸೆ ನನಗೆ ಮಾತ್ರ ಸಿಗಬಾರದು ಎಂದು ತೀರ್ಮಾನಿಸಲು ನೀನು ಯಾರು? ಅರವತ್ತು ಜನರಲ್ಲಿ ಬೆಟ್ಟ ಹತ್ತಿದವನು ನಾನೊಬ್ಬನೇ ಆದೆ. ನನ್ನ ಹಾಗೆ ಒಬ್ಬಂಟಿ ಅವತ್ತು ಆ ರಸ್ತೆಯಲ್ಲಿ ಇನ್ನೊಬ್ಬನಿರಲಿಲ್ಲ.

ಕಣ್ಣು ಹೋದ ವರ್ಷ ಊರೆಲ್ಲ ನನ್ನ ಹತ್ತಿರ ಮೆಲ್ಲಗೆ, ಸಿಹಿಯಾಗಿ ಮಾತಾಡತೊಡಗಿತು. ನೀನೊಬ್ಬನೇ ‘ಲೋ, ಕಂಬ ಇದೆ, ಗುದ್ದಿ ಸಾಯ್ಬೇಡ’ ಎಂದು ಬೈಯುತ್ತಿದ್ದವನು. ಆ ಬೈಗುಳ ನಂಬಿಕೊಂಡು ನಲವತ್ತು ವರ್ಷ ನಡೆದಿದ್ದೇನೆ. ಕೊನೆಗೆ ನೀನೂ ಸಿಹಿ ಮಾತಿನವರ ಸಾಲಿಗೆ ಸೇರಿದೆ.

ಈಗ ಉತ್ತರ. ಮುಂದಿನ ಚಳಿಗಾಲಕ್ಕೆ ನಿನ್ನ ಹೆಸರು ಕೊಡು, ನನ್ನದನ್ನು ಸದ್ಯಕ್ಕೆ ಕೊಡಬೇಡ. ಏಪ್ರಿಲ್ ಎರಡನೇ ಭಾನುವಾರ ನಾನು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬೆಟ್ಟದ ಬುಡಕ್ಕೆ ಬರುತ್ತೇನೆ. ಬ್ರೇಕಿಗೆ ಹೊಸ ರಬ್ಬರ್ ಹಾಕಿಸಿದ್ದೇನೆ. ಚಪ್ಪಾಳೆ ಹೊಡೆಯುವವರು ಬೇಡ. ನೀನು ಬರುವುದಾದರೆ ಬಾ. ಅರ್ಧಕ್ಕೆ ನನ್ನ ಕಾಲು ಸೋತರೆ ಸೋತಿತು ಅನ್ನು, ರಸ್ತೆ ಮುಚ್ಚಿದ್ದರೆ ಮುಚ್ಚಿದೆ ಅನ್ನು. ಬರದಿದ್ದರೆ ಆ ಹೊಸ ಡ್ರೈವರನ್ನು ಕೇಳಿದ್ದೇನೆ. ಅವನಿಗೆ ಸೈಕಲ್ ಅಷ್ಟಾಗಿ ಬರುವುದಿಲ್ಲವಂತೆ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ.

ನಿನ್ನ ಮಗಳ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ಬರೆಯಲಿ, ದೊಡ್ಡ ಮನುಷ್ಯಳಾಗಲಿ. ಈ ಮಾವನ ಆಶೀರ್ವಾದ ತಿಳಿಸು. ನಿನ್ನ ಅಪ್ಪನ ಕೆಮ್ಮಿಗೆ ಬಿಸಿನೀರು ಕೊಡುವುದನ್ನು ಬಿಡಬೇಡ. ನಿನಗೂ ಒಳ್ಳೆಯದಾಗಲಿ, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಆದರೂ ಆಗಲಿ.

ಇಂತಿ,
ಮೈಕು

ಮರೆತ ಮಾತು: ಇವಳಿಗೂ ಗೊತ್ತಿತ್ತು. ನದಿ ಪಕ್ಕದ ರಸ್ತೆಯಲ್ಲೇ ಬಂದವಳು, ಗೊತ್ತಿರದೆ ಹೇಗೆ? ಮೈದಾನದಲ್ಲಿ ನೀನು ಕೈಸನ್ನೆ ಮಾಡಿದೆಯಂತೆ. ಆ ಡ್ರೈವರ್ ಬಾಯಿ ಹಾಕಿದ ದಿನ ಸಂಜೆ ಕೇಳಿದಾಗ, ‘ನೀವು ಅಷ್ಟು ಖುಷಿಯಾಗಿದ್ರಿ, ಹೇಗೆ ಹೇಳ್ಲಿ’ ಅಂದಳು. ನಾನು ಕೂಗಾಡಲಿಲ್ಲ. ಕಳೆದ ಸೋಮವಾರ ಬೆಳಿಗ್ಗೆ, ಇಪ್ಪತ್ತು ವರ್ಷದಿಂದ ಹೇಳುವ ಹಾಗೇ, ‘ಇವತ್ತು ನೀಲಿ ಅಂಗಿ ಇಟ್ಟಿದೀನಿ’ ಅಂದಳು. ಹಾಕಿಕೊಂಡು ಬಂದೆ. ನಿಲ್ದಾಣದ ಬೆಂಚಿನಲ್ಲಿ ಯಾರೋ ಕೂತಿದ್ದರು. ನನ್ನ ಅಂಗಿ ಯಾವ ಬಣ್ಣ ಸ್ವಾಮಿ ಎಂದು ಕೇಳಿದೆ. ನೀಲಿ ಅಂದರು. ಸಾಲದೆ ಪಕ್ಕದವರನ್ನೂ ಕೇಳಿದೆ. ಅವರೂ ನೀಲಿ ಅಂದರು. ನಾನು ಮರೆತು ಬಂದಿದ್ದ ಊಟದ ಡಬ್ಬಿ ಹಿಡಿದುಕೊಂಡು ಇವಳು ನನ್ನ ಹಿಂದೆಯೇ ನಿಂತಿದ್ದಳು. ಡಬ್ಬಿಯನ್ನು ನನ್ನ ಕೈಗಿಟ್ಟು ಹೊರಟುಹೋದಳು. ಅವತ್ತಿನಿಂದ ಅಂಗಿಯನ್ನು ಹಾಸಿಗೆಯ ಮೇಲೆ ಇಡುತ್ತಾಳೆ, ಬಣ್ಣ ಹೇಳುವುದಿಲ್ಲ.