ಒಳಗೆ ಬರುವವರ ಹೆಸರು

ಭಾಲ್ಕಿ
೧೨ ಅಕ್ಟೋಬರ್ ೨೦೨೫

ಪ್ರೀತಿಯ ಅಮ್ಮಾ,

ಹೇಗಿದ್ದೀ? ಮೊಣಕಾಲಿನ ಊತ ಇಳಿಯಿತೇ? ಅಪ್ಪ ಬಿಪಿ ಗುಳಿಗೆ ತಪ್ಪದೆ ನುಂಗುತ್ತಿದ್ದಾರಾ? ನಾನು ಚೆನ್ನಾಗಿದ್ದೇನೆ. ಅಂದರೆ ಉಣ್ಣುತ್ತೇನೆ, ನಗುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಒಬ್ಬಳೇ ಹೆದರಿಕೊಂಡು ಬರುತ್ತೇನೆ. ಫೋನ್ ಇರುವಾಗ ಪತ್ರ ಯಾಕೆ ಅನ್ನಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ. ನಾಳೆ ಮೈದುನ ನಾಗಸೇನ ಔರಾದಿಗೆ ಬರುವಾಗ ಇದನ್ನು ಕೊಡುತ್ತಾನೆ.

ನಿನ್ನ ಅಳಿಯ ಎಷ್ಟು ಮುದ್ದು ಗೊತ್ತಾ! ಈ ವಾರ ಕೂಸು ಕುಂಬಳಕಾಯಿಯಷ್ಟಿದೆ ಎಂದು ಮೊಬೈಲಿನಲ್ಲಿ ಓದಿ ಹೇಳಿದ. ಅತ್ತೆ, "ಯಾವ ಕುಂಬಳಕಾಯೋ, ಹಲಬರ್ಗಾದ ನಮ್ಮ ಹೊಲದಾಗಿಂದಾ? ಅಷ್ಟು ದೊಡ್ಡದು ಹ್ಯಾಂಗ ಹೊರಗ ಬರ್ತದ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ನಾನು ಇಂಟರ್ನೆಟ್ ನೋಡಿ ಮೂರು ಪುಟದ ಬರ್ತ್ ಪ್ಲಾನ್, ಅಂದರೆ ಹೆರಿಗೆ ಹೇಗಾಗಬೇಕೆಂಬ ಪಟ್ಟಿ, ಇಂಗ್ಲಿಷಿನಲ್ಲಿ ಬರೆದಿದ್ದೆ. ಮಂದ ಬೆಳಕು, ಇಷ್ಟದ ಹಾಡು, ಸೂಜಿ ಚುಚ್ಚುವ ಮೊದಲು ನನ್ನನ್ನು ಕೇಳಬೇಕು, ಹೀಗೆ. ಬೀದರಿನ ಆಸ್ಪತ್ರೆಯ ನರ್ಸ್ ಪೂರ್ತಿ ಓದಿ, "ಪ್ಲಾನ್ ಭಾಳ ಛಲೋ ಅದರಿ ಮೇಡಂ. ಖರೆ ಕೂಸಿಗಿ ಓದ್ಲಿಕ್ಕ ಬರಲ್ಲರಿ" ಅಂದರು. ಸೂಜಿಯ ಸಾಲಿಗೆ ಮಾತ್ರ ಒಪ್ಪಿ ಅಡಿಗೆರೆ ಎಳೆದರು. ಮನೆಯಲ್ಲಿ ಅತ್ತೆ ಅದನ್ನು ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿದ್ದು ಒಂದೇ: "ಹಾಡು ಯಾವುದಂತ ಬರದಿ. ಗಾಡಿ ಯಾವುದು, ರಕ್ತ ಬೇಕಾದ್ರ ಯಾರು ಕೊಡ್ತಾರ, ಅದೆಲ್ಲಿ ಬರದಿ?" ಮರುದಿನವೇ ಪಕ್ಕದ ಓಣಿಯ ಹಬೀಬನನ್ನು ಕರೆಸಿ, ಅವನ ಕಾರಿನ ಸ್ಟೆಪ್ನಿ ಇಳಿಸಿ ತೋರಿಸು ಅಂದರು. ರಕ್ತ ಅನ್ನುವ ಮಾತು ಕೇಳಿ ನನ್ನ ಪ್ಲಾನನ್ನು ಮತ್ತೆ ತಿರುವಿ ನೋಡಿದೆ, ಅಮ್ಮಾ. ಮೂರು ಪುಟದಲ್ಲಿ ಒಂದು ಕಡೆಯೂ ನಾನು ಅದನ್ನು ಬರೆದಿರಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲೇ ಎಂದು ನೀನು ಕೋಣೆಗೆ ಸುಣ್ಣ ಬಳಿಸಿದ್ದು ಗೊತ್ತು. ಆದರೆ ನನ್ನ ಬಿಪಿಯೂ ಏರುತ್ತಿದೆ. ಯಾವ ಹೊತ್ತಿಗಾದರೂ ಆಪರೇಷನ್ ಆಗುವ ಕಡೆಯೇ ಇರಬೇಕು ಅಂದರು ಡಾಕ್ಟರ್. ಮುಂದಿನ ವಾರದಿಂದ ಬೀದರಿನ ಗಾಂಧಿ ಗಂಜದ ಹತ್ತಿರ ಅತ್ತೆಯ ಅಕ್ಕನ ಮನೆಯಲ್ಲಿರುತ್ತೇನೆ. ನೀನೂ ಅಲ್ಲಿಗೇ ಬಾ. ಬಾಣಂತನಕ್ಕೆ ನಿನ್ನ ಕೋಣೆಗೇ ಬರುತ್ತೇನೆ, ಖಂಡಿತ.

ಅಪ್ಪನಿಗೆ ಜಯಭೀಮ ಹೇಳು. ನಿನ್ನ ಕಾಲಿಗೆ ಎಣ್ಣೆ ತಿಕ್ಕಲು ಅವರಿಗೇ ಹೇಳು, ನಾಚಬೇಡ.

ನಿನ್ನ ಮುದ್ದಿನ
ವಿಶಾಖಾ

ತಾ.ಕ.: ಬೆಳಗಾಯಿತು, ನಾಗಸೇನ ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೆರಿಗೆ ಕೋಣೆಯೊಳಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ, ಅದೂ ಹೆಂಗಸರನ್ನು. ನಾನು ಅತ್ತೆಯ ಹೆಸರು ಬರೆಸಿದ್ದೇನೆ, ನಿನ್ನದಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ಬಂದವರೆದುರು ನೀನು, "ಇಕಿನ್ನ ಹಡಿಯೂವಾಗ ನಾ ಸತ್ತು ಬದುಕೀನಿ" ಅನ್ನುತ್ತಿದ್ದೆ. ಕೇಕ್ ತಿನ್ನುತ್ತ ಕೇಳಿಸಿಕೊಂಡ ಆ ಮಾತು ಈಗ ರಾತ್ರಿ ಹಗಲು ಕಿವಿಯಲ್ಲಿದೆ. ಅತ್ತೆಯ ಮುಖ ನೋಡಿದರೆ ನನಗೆ ಏನೂ ಓದಲು ಬರುವುದಿಲ್ಲ. ನಿನ್ನ ಮುಖ ಪೂರ್ತಿ ಓದಲು ಬರುತ್ತದೆ, ಅದರಲ್ಲಿನ ಹೆದರಿಕೆಯೂ. ಸಿಟ್ಟಾಗು, ಆದರೆ ಬಾಗಿಲ ಹೊರಗೇ ಕೂತಿರು, ಎದ್ದು ಎಲ್ಲಿಗೂ ಹೋಗಬೇಡ.